ಬರುವ ಮಾಘದ ಕಾಗದ

“ಈ ಮನ್ಯಾಗ ನಾಳಿ ಅನ್ನೋದು ಯಾವಾಗ ತೀರ್ತದೋ?”

ಶಿವಕಾಂತಾ ಯಾರನ್ನೂ ಕೇಳಿದ್ದಲ್ಲ. ಅಡುಗೆಮನೆಯಲ್ಲಿ ಆಗ ಇದ್ದದ್ದು ಆಕೆ, ಒಲೆಯ ಮೇಲೆ ಹಂಚು, ಹಂಚಿನ ಮೇಲೆ ನೀರು ಸವರಿಸಿಕೊಂಡು ಇನ್ನೂ ಉಬ್ಬದ ಒಂದು ಜೋಳದ ರೊಟ್ಟಿ, ಅಷ್ಟೇ. ಹೊರಗಿನ ಕಟ್ಟೆಯಿಂದ ಎರಡನೆಯ ಕೂಗು ಬಂತು.

“ಏ ಕಿರಣನವ್ವಾ! ಬಂದದ ನೋಡು! ಬರ್ತೀಯೋ ಇಲ್ಲೋ?”

ಮನೆಗೆ ನೆಂಟರು ಬಂದರೂ, ಮಠದ ಅಯ್ಯನವರು ಬಂದರೂ ಶಾಂತಪ್ಪ ಹೀಗೆಯೇ ಕೂಗುತ್ತಿದ್ದ. ಆದರೆ ಈ ಐವತ್ತು ದಿನಗಳಲ್ಲಿ ಹೀಗೆ ಕೂಗಿಸಿಕೊಂಡು ಬಂದದ್ದೆಲ್ಲ ಬೀಡಿಯ ನೆನಪೇ. ಅದಕ್ಕೆ ಹೊತ್ತುಗೊತ್ತಿರಲಿಲ್ಲ. ಚಹಾ ಕುಡಿದ ಮೇಲೆ ಬರುತ್ತಿತ್ತು, ಬಸ್ಸಿನ ಹಾರ್ನ್ ಕೇಳಿದರೆ ಬರುತ್ತಿತ್ತು, ಓಣಿಯಲ್ಲಿ ಯಾರಾದರೂ ಕೆಮ್ಮಿದರೂ ಬರುತ್ತಿತ್ತು. ಶಿವಕಾಂತಾ ಹಂಚನ್ನೇ ಕೆಳಗಿಳಿಸಿದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

ಶಾಂತಪ್ಪ ಬಲಗಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದ. ಪಾದಕ್ಕೆ ಬಿಳಿ ಪಟ್ಟಿ ಸುತ್ತಿತ್ತು. ಬಲಗೈಯ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು. ಎಷ್ಟೋ ವರ್ಷ ಬೀಡಿ ಹೊಸೆದ ಬೆರಳುಗಳು, ಬೀಡಿ ಇಲ್ಲದಿದ್ದರೂ ತಮ್ಮ ಕೆಲಸ ಬಿಟ್ಟಿರಲಿಲ್ಲ. ಆಕೆ ಬಂದದ್ದು ತಿಳಿದು ಅವನು ಕಣ್ಣು ಮುಚ್ಚಿದ. ಆಕೆ ಹೇಳತೊಡಗಿದಳು. ಕಾಗದ ನೋಡುವ ಅಗತ್ಯ ಎಂದೋ ಮುಗಿದಿತ್ತು.

“ಬರೋ ಮಾಘದಾಗ, ಮುಂಜಾನಿ ಏಳು ಗಂಟೆ. ಮನಿ ಮುಂದ ಹಂದರ ಹಾಕ್ಯಾರ. ನಾ ಬಾಗಿಲದಾಗ ನಿಂತೀನಿ. ಎರಡೂ ಕಾಲಾಗ ಹೊಸ ಚಪ್ಪಲ ಅವ. ಕಿರಣ ಅರಿಷಿಣ ಹಚ್ಚಿಸ್ಕೊಂಡು ಕುಂತಾನ. ಮನೂರಿಂದ ಬೀಗರ ಗಾಡಿ ಬಂದು ನಿಂತದ. ನಾ ಮೆಟ್ಟಲ ಇಳದು ಅವರ ಕಡಿ ನಡಿಯಾಕತ್ತೀನಿ. ಯಾರ ಕೈನೂ ಹಿಡದಿಲ್ಲ. ಥಂಡಿ ಗಾಳಿ ಬೀಸಾಕತ್ತದ. ಒಳಗಿಂದ ಹೂರಣದ ವಾಸನಿ ಬರಾಕತ್ತದ.”

‘ಯಾರ ಕೈನೂ ಹಿಡದಿಲ್ಲ’ ಎಂಬಲ್ಲಿ ಅವನ ಹೆಬ್ಬೆರಳು ನಿಂತಿತು. ‘ಹೂರಣ’ ಎಂಬಲ್ಲಿ ಮೂಗಿನ ಹೊಳ್ಳೆ ಅರಳಿತು. ಒಂದು ಉಸಿರು ಬಿಟ್ಟು, “ಆತು. ಹೋತು. ನಡಿ ನೀ,” ಎಂದ.

ಆಕೆ ಒಳಗೆ ಹೋದಳು. ಹಂಚು ಆರಿ, ರೊಟ್ಟಿ ಸೆಟೆದುಕೊಂಡು ಹಪ್ಪಳದ ಹಾಗಾಗಿತ್ತು. ಅದನ್ನು ತನ್ನ ಪಾಲಿಗೆಂದು ಬೇರೆ ಇಟ್ಟುಕೊಂಡಳು.

ಶಾಂತಪ್ಪ ನಾರಾಯಣಖೇಡಿನ ಕಾಳಿನ ವ್ಯಾಪಾರಿ. ಮನೂರು, ಸಿರ್ಗಾಪುರದ ಕಡೆಯ ತೊಗರಿ, ಹೆಸರು ಅವನ ಕೈಮೇಲೆ ಹಾಯ್ದು ಹೋಗುತ್ತಿದ್ದ ಕಾಲವಿತ್ತು. ಒಂದು ಹಿಡಿ ತೊಗರಿಯನ್ನು ಅಂಗೈಯಲ್ಲಿ ಹರಡಿ ಊದಿದನೆಂದರೆ ಅದು ಯಾವ ಹೊಲದ ಬೆಳೆ ಎಂದು ಹೇಳಬಲ್ಲವನು. ಹೋದ ವರ್ಷ ಬಲಗಾಲಿನ ಕಿರುಬೆರಳು ನೀಲಿಗಟ್ಟಿತು, ಆಮೇಲೆ ಕಪ್ಪಾಯಿತು, ಆಮೇಲೆ ಅದನ್ನು ತೆಗೆಯಬೇಕಾಯಿತು. ಈ ವರ್ಷ ಯುಗಾದಿಯ ಹೊತ್ತಿಗೆ ಅದರ ಪಕ್ಕದ ಬೆರಳೂ ಬಣ್ಣ ತಿರುಗಿತು. ಜಹೀರಾಬಾದಿನ ಡಾಕ್ಟರು ಮಾತು ಬೆಳೆಸಲಿಲ್ಲ. ಬೀಡಿಯಿಂದ ಕಾಲಿನ ರಕ್ತದ ನಾಳಗಳು ಮುಚ್ಚಿಕೊಳ್ಳುತ್ತಿವೆ, ಬೀಡಿ ನಿಂತರೆ ಕಾಲು ಉಳಿಯಬಹುದು, ನಿಲ್ಲದಿದ್ದರೆ ಮುಂದಿನ ಸಲ ಬೆರಳಲ್ಲ, ಪಾದವೇ ಎಂದರು.

ಬೀಡಿ ಬಿಡುತ್ತೇನೆಂದು ಶಾಂತಪ್ಪ ಆಣೆ ಮಾಡದ ದೇವರು ಉಳಿದಿರಲಿಲ್ಲ. ಕೊರಳ ಲಿಂಗ ಮುಟ್ಟಿ ಹೇಳಿದ್ದ, ಮಗನ ತಲೆ ಮುಟ್ಟಿ ಹೇಳಿದ್ದ. ಎಲ್ಲವೂ ನಾಳೆಯಿಂದ. ಮೂವತ್ತೊಂದು ವರ್ಷಗಳಿಂದ ಆ ನಾಳೆಯನ್ನು ಕೇಳಿ ಕೇಳಿ ಶಿವಕಾಂತಾ ದಣಿದಿದ್ದಳು. ಡಾಕ್ಟರು ಅವರನ್ನು ಅದೇ ದವಾಖಾನೆಯ ಕೊನೆಯ ಕೋಣೆಗೆ, ಚಟ ಬಿಡಿಸುವ ಮೇಡಮ್ಮಿನ ಹತ್ತಿರ ಕಳಿಸಿದಾಗ, ಇನ್ನೊಬ್ಬರ ಮುಂದೆ ಇನ್ನೊಂದು ಆಣೆ ಎಂದುಕೊಂಡೇ ಹೋದಳು.

ಮೇಡಂ ಎಂದರೆ ಇಪ್ಪತ್ತೆಂಟರ ಹುಡುಗಿ, ಸೌಮ್ಯಶ್ರೀ ಎಂದು ಹೆಸರು. ಜಹೀರಾಬಾದಿನವಳೇ; ಕನ್ನಡದವರು ಎಂದು ತಿಳಿದ ಕೂಡಲೆ ತೆಲುಗು ಬಿಟ್ಟು ಮನೆಯ ಮಾತಿಗೆ ಇಳಿದಳು.

“ದಿನಕ್ಕ ಎಷ್ಟು ಸೇದ್ತೀರಿ ಕಾಕಾ?”

“ಎರಡು ಕಟ್ಟು.”

“ಮೂರು,” ಎಂದಳು ಶಿವಕಾಂತಾ.

“ಮೂರನೇದು ಇಕಿ ಮುಂದ ಸೇದೇ ಇಲ್ಲ. ಇಕಿಗಿ ಹ್ಯಾಂಗ ಗೊತ್ತು ಕೇಳ್ರಿ ಮೇಡಂ.”

“ಅಂಗಿ ಹಿಂಡೋವಾಕಿ ನಾ. ನೀರೇ ಹೇಳ್ತದ.”

ಹುಡುಗಿ ನಕ್ಕಳು. ಆಮೇಲೆ ಹೇಳಿದ್ದನ್ನು ಶಿವಕಾಂತಾ ಮೊದಲು ಆಟವೆಂದೇ ತಿಳಿದಳು. ಆಣೆ ಬೇಡ, ಹೆದರಿಕೆಯೂ ಬೇಡ, ಮುಂದೆ ಬರುವ ಒಂದು ಒಳ್ಳೆಯ ದಿನವನ್ನು ಕಣ್ಣ ಮುಂದೆ ತಂದುಕೊಳ್ಳಬೇಕಂತೆ.

“ಬೀಡಿ ಈಗ ಕೈಯಾಗ ಅದ ಕಾಕಾ. ಕಾಲು ಉಳಿಯೋದು ಎಂದೋ ಮುಂದಿನ ಮಾತು. ಮನಸಿಗಿ ಕೈಯಾಗಿಂದೇ ದೊಡ್ಡದು ಕಾಣ್ತದ. ಅದಕ್ಕ ಆ ಮುಂದಿನ ದಿನಾನೇ ತಂದು ಹತ್ರ ಕೂಡಿಸ್ಬೇಕು. ಸುಮ್ನ ಛಲೋ ಆಗ್ತದ ಅಂದ್ರ ನಡಿಯಂಗಿಲ್ಲ. ಯಾವ ದಿನ, ಎಷ್ಟು ಗಂಟೆ, ಏನ್ ಕಾಣ್ತದ, ಏನ್ ಕೇಳ್ತದ, ಎಲ್ಲಾ ಬೇಕು. ಒಂದು ದಿನ ಹೇಳ್ರಿ.”

“ಮಗನ ಲಗ್ನ,” ಎಂದ ಶಾಂತಪ್ಪ. ಮಗ ಬಸವಕಿರಣ ಸಿರ್ಗಾಪುರದ ಸರ್ಕಾರಿ ಶಾಲೆಯಲ್ಲಿ ಮಾಸ್ತರ. ಮನೂರಿನ ಒಂದು ಮನೆಯಿಂದ ಮಾತು ಬಂದಿತ್ತು. “ಶಿವ ಒಲಿದ್ರ, ಬರೋ ಮಾಘದಾಗ...”

“ಒಲಿದ್ರ ಬ್ಯಾಡ ಕಾಕಾ. ಆ ದಿನ ಬಂದೇ ಬಂದದ. ನೀವು ಈಗ ಅಲ್ಲೇ ಇದ್ದೀರಿ.”

ಶಾಂತಪ್ಪ ಹೆಂಡತಿಯ ಮುಖ ನೋಡಿದ. ನಾಳೆ ಬೆಳಿಗ್ಗೆ ಮನೂರಿಗೆ ಹೋಗುತ್ತೇನೆ ಎನ್ನುವುದಕ್ಕೂ ಮೊದಲು ಶಿವನ ಹೆಸರು ಹಚ್ಚುವ ಮನೆ ಅದು. ಮುಂದಿನದನ್ನು ಕೈಯಲ್ಲಿ ಹಿಡಿದವರ ಹಾಗೆ ಆಡಿದರೆ ಹಿರಿಯರು ಬಾಯಿ ಮೇಲೆ ಹೊಡೆಯುತ್ತಿದ್ದರು. “ಹಂಗ ಅನಬಾರದು ಮೇಡಂ. ಅವನ ಕೆಲಸಕ್ಕ ನಾವು ತಾರೀಖು ಹಾಕಿದಂಗ ಆಗ್ತದ,” ಎಂದ.

“ಅವನಿಗಿ ನಾ ಹೇಳ್ಕೋತೀನಿ. ನೀವು ಬಾಗಿಲದಾಗ ನಿಲ್ರಿ. ಏನ್ ಕಾಣಾಕತ್ತದ?”

ಬರೆಯುವ ಕೆಲಸ ಶಿವಕಾಂತಾಳ ಪಾಲಿಗೆ ಬಂತು. ಶಾಂತಪ್ಪ ಓದಿದ್ದು ತೆಲುಗು ಶಾಲೆಯಲ್ಲಿ; ಕನ್ನಡ ಅವನಿಗೆ ನಾಲಗೆಯ ಮೇಲಿತ್ತು, ಕಣ್ಣಿಗೆ ಇರಲಿಲ್ಲ. ಆಕೆ ಬೀದರಿನ ಕಡೆಯವಳು, ಏಳನೆಯ ಇಯತ್ತೆಯ ತನಕ ಕನ್ನಡದಲ್ಲೇ ಕಲಿತವಳು. ಅದಕ್ಕಿಂತ ಹೆಚ್ಚು ಕಲಿತದ್ದು ಅಪ್ಪನ ಬಳಿ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅವರು ವಚನ ಹೇಳುತ್ತಿದ್ದರು, ಮಕ್ಕಳು ಹಿಂದೆ ಹೇಳಬೇಕು. ಒಂದು ಅಕ್ಷರ ಜಾರಿದರೆ ಮೊದಲಿನಿಂದ. ನೂರಿಪ್ಪತ್ತು ವಚನ ಆಕೆಗೆ ಈಗಲೂ ಬಾಯಿಪಾಠ.

“ವಾಸನಿ ಏನರ ಬರ್ತದೇನು ಕಾಕಾ?”

ಶಾಂತಪ್ಪ ಮೂಗೇರಿಸಿದ. ಆ ಕೋಣೆಯಲ್ಲಿ ಫಿನಾಯಿಲಿನ ವಾಸನೆಯಲ್ಲದೆ ಬೇರೇನೂ ಇರಲಿಲ್ಲ. “ಹೂರಣದ್ದು ಬರ್ತದ. ನಮ್ಮಾಕಿ ಒಳಗ ಬೇಳಿ ಕುದಿಸಾಕತ್ತಾಳ.”

“ಭಾಳ ಛಲೋ. ಬರೀರಿ ಕಾಕು.”

ಆಕೆ ಬರೆದಳು.

ಮನೆಗೆ ತಂದ ಮೇಲೆ ಆದದ್ದು ಆ ಮನೆಯಲ್ಲಿ ಮಾತ್ರ ಆಗಬಹುದಾದಂಥದ್ದು. ಶಾಂತಪ್ಪ ಕಾಗದವನ್ನು ದೇವರ ಜಗಲಿಯ ಮೇಲೆ ಇಟ್ಟ. ನಾಲ್ಕು ಮೂಲೆಗೂ ವಿಭೂತಿ ಹಚ್ಚಿದ. ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆ ಮುಗಿಸಿ ಕೈಮುಗಿದು ಕೂತ, ಶಿವಕಾಂತಾ ಓದಿದಳು. ಓದುವಾಗ ಗಂಟಲು ತಾನಾಗಿಯೇ ಅಪ್ಪನ ಧಾಟಿ ಹಿಡಿಯಿತು. ‘ಎರಡೂ ಕಾಲಾಗ ಹೊಸ ಚಪ್ಪಲ’ ಎಂಬುದು ಕೂಡ ಆ ಧಾಟಿಯಲ್ಲಿ ದೊಡ್ಡ ಮಾತಿನಂತೆ ಕೇಳಿತು. ಸಂಜೆ ಇನ್ನೊಮ್ಮೆ. ಮುಗಿದ ಮೇಲೆ ಅವನು ಕಾಗದವನ್ನು ಕಣ್ಣಿಗೆ ಒತ್ತಿಕೊಂಡು ಒಳಗಿಡುತ್ತಿದ್ದ. ಮೂರನೆಯ ದಿನ ಆಕೆ ಹಿತ್ತಲಿಗೆ ಹೋದರೆ ಬಚ್ಚಲಿನ ಹಿಂದೆ ಹೊಗೆ.

“ಏನ್ರಿ ಇದು!”

“ಮುಂಜಾನಿ ಕೇಳೀನಲ್ಲ,” ಎಂದ ಶಾಂತಪ್ಪ, ಬೈಸಿಕೊಂಡದ್ದಕ್ಕೆ ನಿಜವಾಗಿಯೂ ಬೆರಗಾಗಿ. “ಭಕ್ತಿಲೇ ಕೇಳೀನಿ. ಅದು ತನ್ನ ಕೆಲಸ ತಾ ಮಾಡ್ತದ.”

ಬಸವಕಿರಣ ಮೇಡಮ್ಮಿಗೆ ಫೋನು ಹಚ್ಚಿದ. ಆ ಹುಡುಗಿ ನಕ್ಕದ್ದು ಸ್ಪೀಕರಿನಲ್ಲಿ ಮನೆಗೆಲ್ಲ ಕೇಳಿತು. “ಕಾಕಾ, ಅದು ಪೂಜಾ ಅಲ್ರಿ, ಪುಣ್ಯ ಬರಂಗಿಲ್ಲ ಅದರಿಂದ! ಬೀಡಿ ಬೇಕು ಅನಿಸಿದಾಗ, ಆ ಗಳಿಗ್ಯಾಗೇ ಕೇಳಬೇಕು. ದಿನಾ ಎಷ್ಟು ಸರ್ತಿ ಬಂದ್ರ ಅಷ್ಟು ಸರ್ತಿ.”

ಅಲ್ಲಿಂದ ಈ ಕೂಗು ಶುರುವಾಯಿತು. ಮೊದಲ ದಿನ ಹತ್ತೊಂಬತ್ತು ಸಲ. ಆಕೆ ಬಟ್ಟೆ ಒಗೆಯುವಾಗ, ತೊಗರಿ ಹಸನು ಮಾಡುವಾಗ, ಊಟಕ್ಕೆ ಕೂತಾಗ, ಪೂಜೆಗೆ ಕೂತಾಗ. ಒಮ್ಮೆ ಸ್ನಾನದ ಮನೆಯ ಬಾಗಿಲು ಬಡಿದ. ಆಕೆ ತಲೆಗೆ ಶೀಗೆಪುಡಿ ಹಚ್ಚಿಕೊಂಡೇ ಒಳಗಿನಿಂದ ಮಾಘದ ಹಂದರ ಹಾಕಿಸಿದಳು. ನೀವೇ ಹೇಳಿಕೊಳ್ಳಬಾರದೇ ಎಂದರೆ ಅವನು ತಲೆಯಾಡಿಸುತ್ತಿದ್ದ.

“ನನ್ನ ಬಾಯಿಲೇ ಹೇಳಿದ್ರ ಸುಳ್ಳ ಅನಸ್ತದ. ಇಷ್ಟು ವರ್ಷ ಸುಳ್ಳೇ ಹೇಳೀನಲ್ಲ. ನೀ ಅಂದ್ರ ಖರೆ ಅನಸ್ತದ.”

ಆ ಮಾತು ಕೇಳಿದ ದಿನದಿಂದ ಶಿವಕಾಂತಾ ಹಾಗೆ ಕೇಳುವುದನ್ನು ಬಿಟ್ಟಳು. ಮದುವೆಯಾದಾಗಿನಿಂದ ಅವನು ಆಕೆಯ ಬಗ್ಗೆ ಆಡಿದ ಮಾತುಗಳಲ್ಲಿ ಅದೇ ಹೆಚ್ಚಿನದು ಎಂದು ಅನಿಸಿತ್ತು.

ಮಗ ಆಕೆಯ ಧ್ವನಿಯನ್ನು ಫೋನಿಗೆ ತುಂಬಿಸಿಕೊಟ್ಟು ನೋಡಿದ. ಶಾಂತಪ್ಪ ಎರಡು ಸಲ ಕೇಳಿ ಫೋನನ್ನು ದೂರ ಸರಿಸಿದ. “ಬಸ್‌ಸ್ಟ್ಯಾಂಡಿನ್ಯಾಗ ಯಾವ ಗಾಡಿ ಎಲ್ಲಿ ನಿಂತದ ಅಂತ ಹೇಳ್ತಾಳಲ್ಲ, ಆ ಮೈಕಿನಾಕಿ ಹೇಳಿದಂಗ ಆಗ್ತದ. ಬೀಗರ ಗಾಡಿ ಮೂರನೇ ಪ್ಲಾಟ್‌ಫಾರ್ಮಿಗಿ ಬರ್ತದೇನು ಅಂತ ನೋಡಬೇಕು!”

ಎಲ್ಲರೂ ನಕ್ಕರು. ಆಕೆಯೂ ನಕ್ಕಳು. ಮರುಗಳಿಗೆ ಹೊರಗಿನಿಂದ ಕೂಗು.

ಆದರೂ ಬೀಡಿ ನಿಂತಿತು. ಹತ್ತು ದಿನ, ಇಪ್ಪತ್ತು ದಿನ, ತಿಂಗಳು. ಓಣಿಯವರು ಬಂದು ಶಾಂತಪ್ಪನನ್ನು ಹೊಗಳಿದರು. ಎದುರು ಮನೆಯ ಹಣಮಂತರಾಯ, ಬಸ್ ಕಂಡಕ್ಟರನಾಗಿ ನಿವೃತ್ತನಾದವನು, ತಾನು ಮಾತ್ರ ಬೀಡಿ ಬಿಡದವನು, “ಶಾಂತಪ್ಪಣ್ಣ ಗಟ್ಟಿ ಮನಷ್ಯಾ ರೀ. ನಮ್ಮ ಕೈಲಿ ಆಗಂಗಿಲ್ಲ,” ಎಂದು ದಿನವೂ ಹೇಳುತ್ತಿದ್ದ. ಹಾಗೆ ಹೊಗಳಿದವರಿಗೆಲ್ಲ ಶಿವಕಾಂತಾ ಚಹಾ ಮಾಡಿ ಕೊಟ್ಟಳು. ಅವರು ಎದ್ದು ಹೋದ ಮೇಲೆ ಅವರ ಅಂಗಿಯ ಹೊಗೆವಾಸನೆಗೆ ಅವನಿಗೆ ಮತ್ತೆ ಬೀಡಿಯ ನೆನಪು ಬರುತ್ತಿತ್ತು. ಲೋಟ ತೊಳೆಯುವ ಕೈಯಲ್ಲೇ ಆಕೆ ಹೊರಗೆ ಹೋಗುತ್ತಿದ್ದಳು.

ನಲವತ್ತನೆಯ ದಿನದ ಆಸುಪಾಸಿನಲ್ಲಿ ತಾಂಡೂರಿನಿಂದ ತಂಗಿ ಭುವನೇಶ್ವರಿಯ ಫೋನು ಬಂದಿತ್ತು. ಕಣ್ಣಿನ ಪೊರೆ ತೆಗೆಸಬೇಕು, ನಾಲ್ಕು ದಿನ ಬಂದಿರು ಎಂದಳು. ಗಂಡ ಇಲ್ಲದವಳು, ಮಕ್ಕಳಿಲ್ಲದವಳು. ಕರೆಯುವುದಕ್ಕೆ ಅಕ್ಕನ ಹೊರತು ಬೇರೆ ಯಾರು? ಶಿವಕಾಂತಾ ಚೀಲಕ್ಕೆ ಎರಡು ಸೀರೆ ಹಾಕಿದ್ದೂ ಆಗಿತ್ತು.

“ನೀ ಹೋದ್ರ ನಾಕು ದಿನ ನಾ ಏನ್ ಮಾಡ್ಲಿ?” ಎಂದ ಶಾಂತಪ್ಪ. ಸಿಟ್ಟಿನಿಂದಲ್ಲ, ಹೆದರಿ. “ಇಷ್ಟು ದಿನ ಹಿಡದಿದ್ದು ಹೋಗಿಬಿಡ್ತದ. ಆಕಿ ಕಣ್ಣು ಇನ್ನೊಂದು ತಿಂಗಳು ತಡೀತದ. ನನ್ನ ಕಾಲು ತಡೀತದೇನು?”

ಸೀರೆಗಳು ಮತ್ತೆ ಟ್ರಂಕಿಗೆ ಹೋದವು. ಭುವನೇಶ್ವರಿ ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗಿ ಪೊರೆ ತೆಗೆಸಿಕೊಂಡಳು. ಆಮೇಲೆ ಫೋನಿನಲ್ಲಿ ಅಳಲಿಲ್ಲ, ಜಗಳವಾಡಲಿಲ್ಲ. “ಮಾವ ಬೀಡಿ ಬಿಟ್ಟು ನಿನ್ನ ಹಿಡದಾನ ಬಿಡು ಅಕ್ಕಾ,” ಎಂದಳು. “ಅದನ್ನರ ಸೇದಿದ ಮ್ಯಾಲ ಒಗೀತಿದ್ದ.”

ಆ ವಾರದಲ್ಲಿ ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು ಹೇಳುತ್ತಿರುವಾಗ ಶಿವಕಾಂತಾಳಿಗೆ ಒಂದು ಸಂಗತಿ ಹೊಳೆಯಿತು. ಬರುವ ಮಾಘದ ಆ ಬೆಳಿಗ್ಗೆಯಲ್ಲಿ ಹಂದರವಿದೆ, ಗಾಡಿಯಿದೆ, ಚಪ್ಪಲಿಯಿದೆ, ಮಗನ ಮೈಯ ಅರಿಸಿನವಿದೆ. ತಾನು ಎಲ್ಲಿದ್ದೇನೆ ಎಂದು ಹುಡುಕಿದಳು. ತಾನು ಹೂರಣದ ವಾಸನೆಯಲ್ಲಿದ್ದಳು.

ಐವತ್ತೈದನೆಯ ದಿನ ಇಬ್ಬರೂ ಜಹೀರಾಬಾದಿಗೆ ಹೋದರು. ಡಾಕ್ಟರು ಪಟ್ಟಿ ಬಿಚ್ಚಿ, ಬೆರಳಿನ ಸುತ್ತ ಒತ್ತಿ ನೋಡಿ, ಗಾಯ ಒಣಗುತ್ತಿದೆ ಎಂದರು. ಕಪ್ಪು ಮೇಲಕ್ಕೆ ಏರಿರಲಿಲ್ಲ. ದೀಪಾವಳಿಯ ತನಕ ಹೀಗೆಯೇ ಇದ್ದರೆ ಕತ್ತಿ ಹಾಕುವ ಮಾತಿಲ್ಲ. ನಡುವೆ ಬೀಡಿ ಮುಟ್ಟಿದರೆ ತಾವು ಯಾವ ಭರವಸೆಯನ್ನೂ ಕೊಡುವುದಿಲ್ಲ ಎಂದರು. ಶಾಂತಪ್ಪನನ್ನು ಹೊಸ ಪಟ್ಟಿ ಕಟ್ಟಲು ಒಳಗೆ ಕರೆದೊಯ್ದಾಗ ಸೌಮ್ಯಶ್ರೀ ಶಿವಕಾಂತಾಳ ಪಕ್ಕದ ಬೆಂಚಿನಲ್ಲಿ ಬಂದು ಕೂತಳು.

“ಕಾಕಾ ಗೆದ್ದಂಗೇ. ಆದ್ರ ಒಂದ್ ಮಾತು ಕಾಕು, ಅದೇ ದಿನಾನ ಭಾಳ ಸರ್ತಿ ನೋಡಿದ್ರ ಅದು ಸವೀತದ. ಹಂಗೇನರ ಆದ್ರ ಹೊಸ ದಿನ ಕಟ್ಟಿಸ್ರಿ.” ಆಮೇಲೆ ಆಕೆಯ ಮುಖ ನೋಡಿ, “ನೀವು ಕಣ್ಣು ಮುಚ್ಚಿದ್ರ ಬರೋ ವರ್ಷ ಏನ್ ಕಾಣ್ತದ?” ಎಂದಳು.

“ನಾ ಏನು ಬೀಡಿ ಸೇದ್ತೀನೇನವ್ವಾ?”

“ಸೇದೋರಿಗೇ ಮುಂದಿನ ದಿನ ಇರಬೇಕೇನು?”

ಶಿವಕಾಂತಾ ನಕ್ಕು ಸೆರಗು ಸರಿಮಾಡಿಕೊಂಡಳು. ಅಷ್ಟರಲ್ಲಿ ಒಳಗಿನಿಂದ, “ಏ ಕಿರಣನವ್ವಾ!” ಎಂಬ ಕೂಗು ಬಂತು.

ಮರಳುವಾಗ ಬಸ್ಸಿನಲ್ಲಿ ಜಾಗ ಸಿಕ್ಕಿತು. ಕಂಡಕ್ಟರು ಆಕೆಯ ಆಧಾರ್ ನೋಡಿ ಜೀರೋ ಟಿಕೇಟು ಹರಿದುಕೊಟ್ಟ. “ನಾನೂ ಸೀರಿ ಉಟ್ಕೊಂಡು ಬರಬೇಕಿತ್ತು,” ಎಂದು ಶಾಂತಪ್ಪ ತನ್ನ ಟಿಕೇಟು ತೆಗೆಸಿ, ಸ್ವಲ್ಪ ಹೊತ್ತಿಗೆ ನಿದ್ದೆಹೋದ. ಶಿವಕಾಂತಾ ಕಿಟಕಿಯ ಪಕ್ಕ ಕೂತಿದ್ದಳು. ಹೊರಗೆ ಕಪ್ಪು ಹೊಲಗಳು, ಎರಡೆಲೆ ಬಿಟ್ಟ ಹೆಸರು, ಬದುವಿನ ಮೇಲೆ ಯಾರದೋ ಛತ್ರಿ. ಆಕೆ ಕಣ್ಣು ಮುಚ್ಚಿದಳು.

ಮೊದಲು ಏನೂ ಇರಲಿಲ್ಲ. ಉಜ್ಜಿದ ಹಂಚಿನಂಥ ಕಪ್ಪು. ಆಮೇಲೆ ಅದರ ಮೇಲೆ ಒಂದು ರೊಟ್ಟಿ ಬಂತು. ಆಕೆ ಅದನ್ನು ದೂಡಿದಳು. ಹಂದರ ಬಂತು, ಅದನ್ನೂ ದೂಡಿದಳು. ಸದಾಶಿವಪೇಟೆಯ ಕಡೆಯಿಂದ ಬಂದ ಲಾರಿಯೊಂದು ಹಾರ್ನ್ ಹೊಡೆದು ಹಾಯ್ದುಹೋಯಿತು. ಬಹಳ ಹೊತ್ತಿನ ಮೇಲೆ ಕಾಲಿನ ಕೆಳಗೆ ತಣ್ಣಗಾಯಿತು.

ತಾಂಡೂರಿನ ತಂಗಿಯ ಮನೆಯ ಹಾಸುಗಲ್ಲು. ಈಗಷ್ಟೇ ನೀರು ಚೆಲ್ಲಿ ತೊಳೆದದ್ದು, ಇನ್ನೂ ಒದ್ದೆ. ಒದ್ದೆ ಕಲ್ಲಿನದೇ ಒಂದು ವಾಸನೆ. ಬೆಳಗಿನ ಹೊತ್ತು. ತಾನು ಗೋಡೆಗೆ ಒರಗಿ ಎರಡೂ ಕಾಲು ಚಾಚಿ ಕೂತಿದ್ದಾಳೆ. ಕೈಯಲ್ಲಿ ಹಿಟ್ಟಿಲ್ಲ, ಮೊರವಿಲ್ಲ, ಏನೂ ಇಲ್ಲ. ಒಳಗೆಲ್ಲೋ ತಂಗಿ ಪಾತ್ರೆ ಸರಿಸುವ ಸದ್ದು. ತಾನು ವಚನ ಹೇಳುತ್ತಿದ್ದಾಳೆ. ಯಾರಿಗೂ ಅಲ್ಲ, ಯಾವುದಕ್ಕೂ ಅಲ್ಲ. ಒಂದು ಮುಗಿದು ಇನ್ನೊಂದು, ಅದು ಮುಗಿದು ಮತ್ತೊಂದು. ನಡುವೆ ಯಾರೂ ಕರೆಯುವುದಿಲ್ಲ. ನೂರಿಪ್ಪತ್ತನ್ನೂ ಹೇಳಿ ಮುಗಿಸುವಷ್ಟು ಬೆಳಗು ಅದು, ಬಿಸಿಲು ಇನ್ನೂ ಹೊಸ್ತಿಲಿಗೆ ಬಂದಿಲ್ಲ.

ಬಸ್ಸು ಕುಲುಕಿ ಕಣ್ಣು ತೆರೆದವು. ಗಂಡನ ತಲೆ ಆಕೆಯ ಭುಜಕ್ಕೆ ಬಂದಿತ್ತು. ಆಗ ನೆನಪಾಯಿತು, ಆ ಬೆಳಗಿನಲ್ಲಿ ಅವನಿಲ್ಲ. ಅವನು ಎಲ್ಲಿದ್ದ? ಮನೆಯಲ್ಲಿದ್ದನೆ, ಅಂಗಡಿಗೆ ಹೋಗಿದ್ದನೆ, ಬದುಕಿದ್ದನೆ? ಆಕೆ ಕೇಳಿಕೊಂಡೇ ಇರಲಿಲ್ಲ. ಕೊರಳ ಲಿಂಗವನ್ನು ಮುಟ್ಟಿಕೊಂಡಳು. ತಪ್ಪಾಯಿತು ತಂದೆ, ತಪ್ಪಾಯಿತು ಎಂದಳು. ಊರು ಬರುವ ತನಕ ಕಣ್ಣು ಮುಚ್ಚಲಿಲ್ಲ.

ಮುಚ್ಚದಿದ್ದರೂ ಅದು ಬಂತು. ಮರುದಿನ ಹಿಟ್ಟು ನಾದುವಾಗ ಬಂತು, ಕಲ್ಲಿನ ಸಂದಿಯಲ್ಲಿ ಹರಿದ ನೀರು ಬಿಸಿಲಿಗೆ ಮಿಂಚಿತು. ಅದರ ಮರುದಿನ ಗೋಡೆಯ ಸುಣ್ಣದ ಒರಟು ಬೆನ್ನಿಗೆ ತಾಗಿತು. ಆಕೆ ಅದರೊಳಗೆ ಗಂಡನನ್ನು ಕೂಡಿಸಿ ನೋಡಿದಳು. ಮಂಚದ ಮೇಲೆ, ಎರಡೂ ಕಾಲು ನೆಟ್ಟಗಿದ್ದು, ಸುಮ್ಮನೆ ಕೇಳುತ್ತ. ಮೂರು ವಚನ ಆಗುವುದರಲ್ಲಿ ಅವನು ಅಲ್ಲಿಯೂ ಕೂಗಿದ. ಅಂದಿನಿಂದ ಕೂಡಿಸಲಿಲ್ಲ. ಪೂಜೆಯ ಹೊತ್ತಿಗೆ ತಪ್ಪೊಪ್ಪಿಕೊಳ್ಳುವುದು, ಒಲೆಯ ಮುಂದೆ ಮತ್ತೆ ಹೋಗಿ ಆ ಕಲ್ಲಿನ ಮೇಲೆ ಕೂಡುವುದು; ಹೀಗೆ ದಿನ ನಡೆದವು. ಹೊರಗಿನ ಕೂಗಿಗೆ ಎದ್ದು ಹೋಗುವುದು ಮಾತ್ರ ತಪ್ಪಿಸಲಿಲ್ಲ.

ಎಪ್ಪತ್ತೊಂದನೆಯ ದಿನ ಬೆಳಗಿನಿಂದ ಮೋಡ ಕವಿದು ಜಿಟಿಜಿಟಿ ಹಿಡಿದಿತ್ತು. ಬಸವಕಿರಣ ಶಾಲೆಗೆ ಹೋಗಿದ್ದ. ಕಟ್ಟೆಯಿಂದ ಎಂದಿನ ಕೂಗು ಬರಲಿಲ್ಲ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಆ ಸುಮ್ಮನಿರುವಿಕೆಯೇ ಶಿವಕಾಂತಾಳನ್ನು ಹೊರಗೆ ಎಳೆದುತಂದಿತು.

ಶಾಂತಪ್ಪ ಬಲ ಅಂಗೈಯನ್ನು ಬಿಚ್ಚಿಕೊಂಡು ಅದನ್ನೇ ನೋಡುತ್ತ ಕೂತಿದ್ದ. ಅಂಗೈಯಲ್ಲಿ ಒಂದು ಬೀಡಿ. ಹಚ್ಚಿರಲಿಲ್ಲ. ತೊಡೆಯ ಪಕ್ಕದಲ್ಲಿ ಕಡ್ಡಿಪೆಟ್ಟಿಗೆ.

“ಹಣಮಂತರಾಯಗ ಕೇಳಿದೆ, ಕೊಟ್ಟ,” ಎಂದ ತಲೆ ಎತ್ತದೆ. “ಅವನಿಗಿ ಬೈಬ್ಯಾಡ. ಕೊಡಂಗಿಲ್ಲ ಅಂದಿದ್ದ ಪಾಪ. ನಾನೇ ಕೈ ಹಿಡ್ಕೊಂಡೆ.”

ಆಕೆ ಬೈಯಲಿಲ್ಲ. ಬೀಡಿಯನ್ನು ಕಸಿದುಕೊಳ್ಳಲೂ ಇಲ್ಲ. ಚೌಕಟ್ಟಿಗೆ ಒರಗಿ ನಿಂತು ಬರುವ ಮಾಘವನ್ನು ಹೇಳಿದಳು. ಹಂದರ, ಚಪ್ಪಲಿ, ಗಾಡಿ, ಹೂರಣ. ಅವನು ಕಣ್ಣು ಮುಚ್ಚಿಯೇ ಕೇಳಿದ. ಹೆಬ್ಬೆರಳು ನಿಲ್ಲಲಿಲ್ಲ, ಬೀಡಿಯ ಮೈ ಸವರುತ್ತಲೇ ಇತ್ತು. ಆಕೆ ಇನ್ನೊಮ್ಮೆ ಹೇಳಿದಳು, ನಿಧಾನವಾಗಿ, ಒಂದೊಂದು ಮಾತನ್ನೂ ಬಿಡಿಸಿ.

“ಬ್ಯಾಡ ಬಿಡು,” ಎಂದು ಅವನು ಕಣ್ಣು ತೆರೆದ. “ಕಿವ್ಯಾಗ ಬೀಳ್ತದ, ಕಣ್ಣಾಗ ಬೀಳವಲ್ದು. ಹಂದರ ಇಲ್ಲ, ಬೀಗರಿಲ್ಲ. ಸವದು ಹೋಗ್ಯದ.”

“ಮೇಡಂ ಹೇಳ್ಯಾರಲ್ಲ, ಸವದ್ರ ಹೊಸಾದು ಕಟ್ರಿ ಅಂತ. ಹೇಳ್ರಿ, ಕಾಗದ ತರ್ತೀನಿ.”

“ಎರಡು ದಿನ ಆತು, ಅದೇ ಮಾಡಾಕತ್ತೀನಿ. ಬರವಲ್ದು. ಮೊಮ್ಮಗನ ಎತ್ಕೊಂಡಂಗ ಮಾಡ್ದೆ, ಅದಕ್ಕ ಮಾರೀನೇ ಬರಲಿಲ್ಲ. ಮನೂರಿಗಿ ಹೋದಂಗ ಮಾಡ್ದೆ, ಅಲ್ಲಿ ಎಲ್ಲಾರೂ ಬೀಡಿ ಸೇದಾಕತ್ಯಾರ.” ಅವನು ನಗಲು ನೋಡಿದ, ನಗು ಕೆಮ್ಮಾಯಿತು. “ನನ್ನ ಕೈಲೇ ಆಗಂಗಿಲ್ಲ. ನಿನ್ನ ಹತ್ರ ಒಂದದ.”

“ಏನದ?”

“ನಾ ಏನು ಕುರುಡ ಏನು? ದಿನಾ ಇಲ್ಲೇ ಕುಂತ ಕುಂತ ಒಳಗ ನೋಡ್ತೀನಲ್ಲ. ಹಿಟ್ಟು ನಾದೋ ಕೈ ನಿಂತುಬಿಡ್ತದ. ತುಟಿ ಅಲುಗತಾವ. ಮಾರಿ ಮ್ಯಾಲ... ನಮ್ಮ ಮನಿಗಿ ಬಂದ ಹೊಸದಾಗ ಇತ್ತಲ್ಲ ನಿನ್ನ ಮಾರಿ, ಹಂಗ ಆಗ್ತದ. ಏನ್ ನೋಡ್ತೀ ನೀ?”

ಶಿವಕಾಂತಾ ನೆಲ ನೋಡಿದಳು. ಸೂರಿನ ಹನಿ ಕಟ್ಟೆಯ ಅಂಚಿಗೆ ಬಿದ್ದು ಸಿಡಿಯುತ್ತಿತ್ತು.

“ಅದು ಹೊಸಾದದ. ಇನ್ನಾ ಸವದಿಲ್ಲ. ಅದೇ ಹೇಳು ನನಗ,” ಎಂದ ಶಾಂತಪ್ಪ. ಅವನ ದನಿಯಲ್ಲಿ ಎಂದಿನ ಜೋರು ಇರಲಿಲ್ಲ. ಜ್ವರದ ಕೂಸು ನೀರು ಕೇಳಿದ ಹಾಗಿತ್ತು. “ಅದರಾಗ ನಾ ಇಲ್ಲ ಅಂದ್ರ ಇರ್ಲಿ. ಎಲ್ಲೇರ ಒಂದು ಮೂಲ್ಯಾಗ ಕೂಡ್ತೀನಿ. ಸದ್ದು ಮಾಡಂಗಿಲ್ಲ.”

ತಾನು ಅದರಲ್ಲಿ ಇಲ್ಲ ಎಂಬುದು ಅವನಿಗೆ ಹೇಗೆ ತಿಳಿಯಿತೋ ಆಕೆಗೆ ಗೊತ್ತಾಗಲಿಲ್ಲ. ಕಿವಿ ಬಿಸಿಯಾದವು.

“ನಿಮಗ ಬ್ಯಾರೇದು ಕಟ್ಟಿ ಕೊಡ್ತೀನಿ,” ಎಂದಳು. “ಮೊಮ್ಮಗಗ ಮಾರಿ ನಾ ಬರೀತೀನಿ. ಕಿರಣನ ಸಣ್ಣಂದಿನ ಮಾರಿ ಹಚ್ಚಿ ಕೊಡ್ತೀನಿ. ದಿನಕ್ಕೊಂದು ಕಟ್ಟಿ ಕೊಡ್ತೀನಿ. ಎಷ್ಟು ಬೇಕು ಅಷ್ಟು.”

“ಅವು ನನಗಂತ ಕಟ್ಟಿದ್ದು ಆಗ್ತಾವ. ನನಗಂತ ಕಟ್ಟಿದ್ದು ಈಗ ಹಿಡಿಯಂಗಿಲ್ಲ ನನ್ನ.” ಬೀಡಿ ಇದ್ದ ಕೈಯನ್ನು ಆಕೆಯ ಕಡೆಗೆ ಚಾಚಿದ, ಅದು ಬೀಡಿ ಎಂಬುದೇ ಮರೆತವನಂತೆ. “ಅದೊಂದು ಕೊಡು. ನನ್ನ ಕಾಲಿನ ಮಾತದ, ಕಿರಣನವ್ವಾ.”

ಕಾಲಿನ ಮಾತೇ ಅದು. ಸ್ಟೂಲಿನ ಮೇಲೆ ಆ ಕಾಲು ಇತ್ತು. ಇಂದು ಬೆಳಿಗ್ಗೆ ಆಕೆಯೇ ಪಟ್ಟಿ ಬದಲಿಸಿದ್ದಳು. ಬೆರಳ ಬುಡದಲ್ಲಿ ರಕ್ತದ ಕೆಂಪು ಮರಳುತ್ತಿದ್ದುದನ್ನು ಆಕೆಯೇ ಮೊದಲು ಕಂಡು ಅವನಿಗೆ ತೋರಿಸಿದ್ದಳು. ಬಾಯಿ ತೆರೆದರೆ ಸಾಕು, ಎರಡು ನಿಮಿಷದ ಮಾತು. ಒದ್ದೆ ಕಲ್ಲು, ಸುಣ್ಣದ ಗೋಡೆ, ಹೊಸ್ತಿಲಿಗೆ ಬಾರದ ಬಿಸಿಲು. ಹೇಳಿದರೆ ಇಂದು ಹನ್ನೆರಡು ಸಲ ಹೇಳಬೇಕು, ನಾಳೆ ಹದಿನೈದು ಸಲ. ದೀಪಾವಳಿಯ ಹೊತ್ತಿಗೆ ಆ ಕಲ್ಲಿನ ಮೇಲೆ ಅವನ ಸ್ಟೂಲು ಇರುತ್ತದೆ.

ಪಟ್ಟಿಯ ಅಂಚಿನ ಮೇಲೆ ಒಂದು ನೊಣ ಬಂದು ಕೂತಿತು. ಶಿವಕಾಂತಾ ಮೆಟ್ಟಿಲು ಇಳಿದು, ಸ್ಟೂಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಸೆರಗಿನ ತುದಿಯಿಂದ ಅದನ್ನು ಎಬ್ಬಿಸಿದಳು. ಅದು ಹಾರಿ ಮತ್ತೆ ಅಲ್ಲೇ ಕೂತಿತು. ಆಕೆ ಮತ್ತೆ ಎಬ್ಬಿಸಿದಳು. ಚಾಚಿದ ಕೈ ಚಾಚಿದ ಹಾಗೆಯೇ ಇತ್ತು.

“ಇಲ್ರಿ,” ಎಂದಳು, ಕಾಲಿನ ಮೇಲಿನ ನೋಟ ಕೀಳದೆ. “ಅದೊಂದು ನಾ ಕೊಡಂಗಿಲ್ಲ.”